ಹೆಸರಿಲ್ಲದ ಹಳ್ಳಿಯ ಲೆಕ್ಕ

ದ್ವಿತೀಯ ಪಿಯುಸಿ ಗಣಿತ ಪುಸ್ತಕದಲ್ಲಿ ಒಂದು ಹಳ್ಳಿಯಿತ್ತು. 1999ರಲ್ಲಿ ಅಲ್ಲಿ 20,000 ಜನ, 2004ರಲ್ಲಿ 25,000. ಇರುವ ಜನರ ಅನುಪಾತದಲ್ಲೇ ಜನಸಂಖ್ಯೆ ಬೆಳೆಯುತ್ತಾ ಹೋದರೆ 2009ರಲ್ಲಿ ಎಷ್ಟು? ಅವಕಲ ಸಮೀಕರಣ ಬಿಡಿಸಿದರೆ 31,250 ಬರುತ್ತದೆ, ಅಂಕವೂ ಬರುತ್ತದೆ. ಆದರೆ ಆ ಹಳ್ಳಿಗೆ ಹೆಸರಿಲ್ಲ. ಅಲ್ಲಿಗೆ ಯಾರೂ ಕೂಲಿ ಹುಡುಕಿಕೊಂಡು ಬಂದಿಲ್ಲ, ಅಲ್ಲಿಂದ ಯಾರೂ ಬೆಂಗಳೂರಿನ ಬಸ್ಸು ಹತ್ತಿಲ್ಲ, ಚಳಿಜ್ವರದಲ್ಲಿ ಯಾರೂ ನರಳಿಲ್ಲ.

ಇದೇ ಲೆಕ್ಕವನ್ನು ಕೊಡಗಿನ ಮಕ್ಕಳಿಗೆ ಕೊಡಗಿನ ಅಂಕಿಗಳಿಂದಲೇ ಮಾಡಿಸಬೇಕು. 1901ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 1,80,607, 1931ರಲ್ಲಿ 1,63,327. ಮೂವತ್ತು ವರ್ಷದಲ್ಲಿ ಜನ ಕಮ್ಮಿಯಾದರು. ಈ ಎರಡು ಅಂಕಿ ಹಿಡಿದು ಪುಸ್ತಕದ ಸೂತ್ರ ಹಾಕಿದ ವಿದ್ಯಾರ್ಥಿನಿಗೆ 2011ರ ಉತ್ತರ ಸುಮಾರು 1.25 ಲಕ್ಷ. ಪಕ್ಕದ ಬೆಂಚಿನವನಿಗೆ 1941ರ 1,68,726 ಮತ್ತು 1961ರ 3,22,829 ಕೊಡಿ. ಅವನ ಉತ್ತರ 16 ಲಕ್ಷ ದಾಟುತ್ತದೆ. ಇಬ್ಬರೂ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. 2011ರಲ್ಲಿ ಎಣಿಸಿದಾಗ ಸಿಕ್ಕಿದ್ದು 5,54,519.

ನನ್ನ ಪ್ರಕಾರ ಪಾಠ ಶುರುವಾಗಬೇಕಾದದ್ದು ಇಲ್ಲಿಂದ. ಮಲೇರಿಯಾದ ಹೆಸರು ಕೇಳಿದರೆ ಘಟ್ಟ ಹತ್ತಲು ಹೆದರುತ್ತಿದ್ದ ಕಾಲವೊಂದಿತ್ತು. 1918ರ ಇನ್‌ಫ್ಲುಯೆಂಜಾ ಇಡೀ ದೇಶವನ್ನೇ ಬಡಿದಿತ್ತು. ಸ್ವಾತಂತ್ರ್ಯದ ನಂತರ ಡಿಡಿಟಿ ಬಂತು, ಜ್ವರ ಹಿಮ್ಮೆಟ್ಟಿತು, ಕಾಫಿ ತೋಟಗಳು ಹಬ್ಬಿದವು. ಮಲಬಾರಿನಿಂದ, ತಮಿಳುನಾಡಿನಿಂದ, ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ ಜನ ಬಂದು ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ನೆಲೆ ನಿಂತರು. 1951ರಿಂದ 1961ರೊಳಗೆ ಕೊಡಗು ಶೇ 40ರಷ್ಟು ಬೆಳೆಯಿತು. ದೇಶ ಬೆಳೆದದ್ದು ಅದರ ಅರ್ಧದಷ್ಟು. ಬರೀ ತೊಟ್ಟಿಲುಗಳಿಂದ ಆಗುವ ಏರಿಕೆ ಇದಲ್ಲ. ಆಮೇಲೆ 2001ರಿಂದ 2011ರವರೆಗೆ ರಾಜ್ಯ ಶೇ 15ಕ್ಕೂ ಹೆಚ್ಚು ಬೆಳೆದಾಗ ಕೊಡಗು ಏರಿದ್ದು ಶೇ 1.09 ಮಾತ್ರ.

ಜಗತ್ತಿನ ಲೆಕ್ಕ ಇದಕ್ಕಿಂತ ಸುಲಭ. 1974ರಲ್ಲಿ 400 ಕೋಟಿ, 1987ರಲ್ಲಿ 500, 1999ರಲ್ಲಿ 600, 2011ರಲ್ಲಿ 700, 2022ರಲ್ಲಿ 800. ಪ್ರತಿ ನೂರು ಕೋಟಿಗೂ ಹನ್ನೆರಡು ವರ್ಷದ ಆಸುಪಾಸು. ಗ್ರಾಫ್ ಹಾಳೆಯ ಮೇಲೆ ಇಟ್ಟರೆ ಹೆಚ್ಚುಕಮ್ಮಿ ನೇರ ಗೆರೆ, 1798ರಲ್ಲಿ ಅರ್ಥಶಾಸ್ತ್ರಜ್ಞ ಮಾಲ್ಥಸ್ ಹೆದರಿಸಿದಂಥ ದುಪ್ಪಟ್ಟಿನ ಓಟ ಅಲ್ಲ. ಬೆಳವಣಿಗೆಗೊಂದು ಮಿತಿ ಸೇರಿಸಿ ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲೇ ಸಮೀಕರಣ ತಿದ್ದಿದ್ದ. ಮಕ್ಕಳು ಅದನ್ನೂ ಕಲಿಯಲಿ. ಆದರೆ ಭೂಮಿಗೆ ಹೊರಗಿನಿಂದ ಯಾರೂ ಬರುವುದಿಲ್ಲ, ಅದನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಹುಟ್ಟು, ಸಾವು ಎರಡರಲ್ಲೇ ಜಗತ್ತಿನ ಲೆಕ್ಕ ಮುಗಿಯುತ್ತದೆ. ನಕ್ಷೆ ಚಿಕ್ಕದಾದಂತೆ ಮೂರನೆಯ ಪದ ಬೇಕೇಬೇಕು: ವಲಸೆ.

ಆ ಪದಕ್ಕೆ ಬೆಲೆ ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಸುಗ್ಗಿ ಹಬ್ಬ ಹುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ ಒಕ್ಕದಲ್ಲಿ, ಅಂದರೆ ಕೊಡವ ಮನೆತನದಲ್ಲಿ, ವರ್ಷವಿಡೀ ಕೊಡಗಿನಲ್ಲೇ ಇರುವವರೆಷ್ಟು? ಲೈನ್‌ಮನೆಯಲ್ಲಿ ಅಜ್ಜನ ಕಾಲಕ್ಕೆ ಬಂದವರೆಷ್ಟು, ಈ ಕೊಯ್ಲಿಗೆ ಅಸ್ಸಾಮಿನಿಂದ ಬಂದವರೆಷ್ಟು? ರೊಬಸ್ಟಾ ಕೊಯ್ಲಿನ ಫೆಬ್ರವರಿಯಲ್ಲಿ ಎಣಿಸುವುದಕ್ಕೂ ಮಳೆ ಹಿಡಿದ ಜುಲೈಯಲ್ಲಿ ಎಣಿಸುವುದಕ್ಕೂ ವ್ಯತ್ಯಾಸ ಬರುತ್ತದೆಯೇ? ಮೇಷ್ಟ್ರು ಒಂದು ಎಚ್ಚರ ವಹಿಸಲೇಬೇಕು. ಈ ಲೆಕ್ಕ ತರಗತಿಯಲ್ಲಿ 'ಹೊರಗಿನವರು' ಎಂಬ ಮಾತಿಗೆ ತಿರುಗಬಾರದು. ಘಟ್ಟ ಹತ್ತಿ ಬಂದ ಒಬ್ಬಳ ಅಜ್ಜ, ಬೆಂಗಳೂರಿಗೆ ಹೋದ ಇನ್ನೊಬ್ಬಳ ಅಣ್ಣ, ಒಂದೇ ಪದದ ಕೂಡು ಮತ್ತು ಕಳೆ. ಆ ಇಬ್ಬರು ಹುಡುಗಿಯರೂ ಕೂತಿರುವುದು ಒಂದೇ ಬೆಂಚಿನಲ್ಲಿ.

2021ರ ಜನಗಣತಿ ನಡೆಯಲೇ ಇಲ್ಲ, 2027ರದು ಘೋಷಣೆಯಾಗಿದೆ. ಕೊಡಗಿನ ಕಾಲೇಜುಗಳ ದ್ವಿತೀಯ ಪಿಯುಸಿ ಮಕ್ಕಳು ಜಿಲ್ಲೆಯ ಸಂಖ್ಯೆ ಎಷ್ಟಾಗಬಹುದೆಂದು ಲೆಕ್ಕ ಹಾಕಲಿ, ಏನನ್ನು ನಂಬಿ ಹಾಗೆ ಹಾಕಿದೆವು ಎಂದೂ ಬರೆಯಲಿ, ಸಹಿ ಮಾಡಿ ಹಾಳೆಗಳನ್ನು ಕಾಲೇಜಿನ ಬೀರುವಿನಲ್ಲಿ ಇಡಲಿ. ಎಣಿಕೆ ಹೊರಬಿದ್ದ ದಿನ ಮುಂದಿನ ತರಗತಿಯವರು ಅವನ್ನು ಬಿಚ್ಚಿ, ಯಾರ ಯಾವ ನಂಬಿಕೆ ಎಲ್ಲಿ ತಪ್ಪಿತು ಎಂದು ಹುಡುಕಲಿ.