ದಾರಿ ಅಗಲವಾದರೆ ಕಸ ಕಡಮೆಯಾದೀತೆ?

ಅಹಮದಾಬಾದಿಗೂ ಕನ್ನಡನಾಡಿಗೂ ದೂರಸಂಪರ್ಕದ ನಂಟು ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ, ಮುಖ್ಯವಾಗಿ ಇಲ್ಲಿಯ ಭೂಕೇಂದ್ರದಿಂದ ಉಪಗ್ರಹವನ್ನೇರಿದ ಆರೋಗ್ಯ, ಕೃಷಿ, ಶಿಕ್ಷಣದ ಕಾರ್ಯಕ್ರಮಗಳು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿದುವು. ದಿನಕ್ಕೆ ದೊರೆಯುತ್ತಿದ್ದುದು ನಾಲ್ಕೇ ಗಂಟೆ. ಆದುದರಿಂದ ಏನನ್ನು ಕಳುಹಿಸಬೇಕೆಂಬ ವಿವೇಚನೆ ಅನಿವಾರ್ಯವಾಗಿತ್ತು. ದಾರಿ ಕಿರಿದು, ಹೊರೆ ಹದವಾದುದು.

ಇಂದಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ‘ಬ್ರಾಡ್‌ಬ್ಯಾಂಡ್’ ಎನಿಸಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ ಆಯಿತು. ಜಾಹೀರಾತುಗಳ ವಾಗ್ದಾನವಂತೂ ಇದರ ಹತ್ತಾರು ಪಟ್ಟು. ವೇಗ ಬೇಡವೆನ್ನುವವರಾರು? ಆದರೆ ವೇಗವು ತಾನು ಹೊತ್ತು ತರುವುದು ಅಮೃತವೋ ಕಸವೋ ಎಂದು ವಿಚಾರಿಸುವುದಿಲ್ಲ.

1978ರ ಮೇ 3ರಂದು ಅಮೆರಿಕದ ಗಣಕಯಂತ್ರ ಸಂಸ್ಥೆಯೊಂದರ ಮಾರಾಟಗಾರನು ಸುಮಾರು 400 ಮಂದಿಗೆ ಏಕಕಾಲದಲ್ಲಿ ಜಾಹೀರಾತು ಕಳುಹಿಸಿದಂದಿನಿಂದ ಈ ಪಿಡುಗು ಬೆಳೆಯುತ್ತಲೇ ಇದೆ. ಇನ್ನೆರಡು ವರ್ಷಗಳಲ್ಲಿ ಇದು ಬಗೆಹರಿಯುವುದೆಂದು 2004ರಲ್ಲಿ ಬಿಲ್ ಗೇಟ್ಸ್ ಭವಿಷ್ಯ ನುಡಿದರು, ಬಗೆಹರಿಯಲಿಲ್ಲ. ಕಾರಣ ಸರಳ. ಅಂಚೆಯ ಕಾಗದಕ್ಕೆ ಕಳುಹಿಸುವವನು ಚೀಟಿ ಅಂಟಿಸಬೇಕು; ಮಿಂಚಂಚೆಯಲ್ಲಿ ಬೆಲೆ ತೆರುವವನು ಪಡೆಯುವವನೇ, ತನ್ನ ಸಮಯದಿಂದ ಹಾಗೂ ನೆಮ್ಮದಿಯಿಂದ.

ಬೋಪಾಲ್ ಬಡಾವಣೆಯಂಥ ಕಡೆ ಮಕ್ಕಳನ್ನು ದೂರದೂರಿಗೆ ಕಳುಹಿಸಿ ಉಳಿದಿರುವ ವೃದ್ಧ ದಂಪತಿಗಳಿಗೆ ಈ ಪೆಟ್ಟಿಗೆಯೇ ಜೀವನಾಡಿ. ರಕ್ತಪರೀಕ್ಷೆಯ ವರದಿ, ಮಗಳ ಓಲೆ, ಇವೆರಡರ ನಡುವೆ ‘ಮಧುಮೇಹ ಮೂವತ್ತು ದಿನಗಳಲ್ಲಿ ಮಾಯ’ ಎಂಬ ಆಮಿಷ! ಇಂಥ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೆ ಹೆಸರಿಲ್ಲದ ದೂರದ ಕಳ್ಳನನ್ನು ಹಿಡಿಯುವವರಾರು? ಅದನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿದರೆ ನಷ್ಟವಾಗುವುದು ಹಣವೊಂದೇ ಅಲ್ಲ.

ದೂರವಾಣಿಯ ಜಾಹೀರಾತು ಬೇಡವೆನ್ನಲು 1909ರಲ್ಲಿ ನೋಂದಾಯಿಸಬಹುದು. ಮಿಂಚಂಚೆಗೆ ಅಂಥ ವ್ಯವಸ್ಥೆಯಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಜಾಹೀರಾತು ಎಂಬ ನಿಯಮ ಇಲ್ಲಿಯೂ ಬರಬೇಕು. ವೇಗವನ್ನು ಮಾರುವವರು ಜರಡಿಯನ್ನೂ ಒದಗಿಸಬೇಕು.

ಅಲ್ಲಿಯವರೆಗೆ ಪಥ್ಯವೇ ಮದ್ದು. ಅಪರಿಚಿತ ಓಲೆಗೆ ‘ಬೇಡ’ ಎಂದೂ ಉತ್ತರಿಸಬಾರದು. ಉತ್ತರ ಬಂದರೆ ವಿಳಾಸ ಜೀವಂತವಾಗಿದೆಯೆಂದು ಕಳುಹಿಸಿದವನಿಗೆ ತಿಳಿಯುತ್ತದೆ. ಅದರೊಳಗಿನ ಕೊಂಡಿಯನ್ನು ಒತ್ತಬಾರದು. ‘ಸ್ಪ್ಯಾಮ್’ ಎಂದು ಗುರುತು ಮಾಡಿದರೆ ಜರಡಿ ಕಲಿಯುತ್ತದೆ. ಹಣ ಕಳೆದುಕೊಂಡವರು ನಾಚದೆ ತತ್‌ಕ್ಷಣ 1930ಕ್ಕೆ ಕರೆಮಾಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಸಂಘದ ತರುಣರು ತಿಂಗಳಿಗೊಂದು ಭಾನುವಾರ ಹಿರಿಯರ ಮಗ್ಗುಲಲ್ಲಿ ಕುಳಿತು ಅವರ ಪೆಟ್ಟಿಗೆಯನ್ನು ಹಸನುಗೊಳಿಸಲಿ. ಯಾವ ಕಂಪನಿಯೂ ಮಾರಲಾರದ ಸಂಪರ್ಕವದು.