ಕಲ್ಲಿದ್ದಲಿಗೂ ಮೊದಲು ಮಣ್ಣಿನ ಲೆಕ್ಕ

ದೇಶದ ಕಲ್ಲಿದ್ದಲು ಉತ್ಪಾದನೆ 2024–25ರಲ್ಲಿ 100 ಕೋಟಿ ಟನ್ ದಾಟಿತು. ಅದರ ಬಹುಪಾಲು ಬಂದದ್ದು ತೆರೆದ ಗಣಿಗಳಿಂದ. ಕೋಲ್ ಇಂಡಿಯಾದ ಗಣಿಗಳಲ್ಲಿ ಒಂದು ಟನ್ ಕಲ್ಲಿದ್ದಲು ಸಿಗಬೇಕಾದರೆ ಸರಾಸರಿ ಎರಡು ಘನ ಮೀಟರ್‌ಗೂ ಹೆಚ್ಚು ಮಣ್ಣು, ಬಂಡೆಯನ್ನು ತೆಗೆದುಹಾಕಬೇಕು. ಗಣಿಯವರು ‘ಓಬಿ’ ಎನ್ನುವ ಈ ಮೇಲುಹೊದಿಕೆ ಎಲ್ಲಿ ಬೀಳುತ್ತದೆ, ಎಷ್ಟು ಭದ್ರವಾಗಿ ನಿಲ್ಲುತ್ತದೆ ಎಂಬುದು ಗಣಿಯ ಸುತ್ತಲಿನ ಜನರಿಗೆ ಜೀವನ್ಮರಣದ ಪ್ರಶ್ನೆ. ಉತ್ಪಾದನೆಯ ಗುರಿ ನಿಗದಿಪಡಿಸುವ ಮೊದಲೇ ಇದಕ್ಕೆ ಉತ್ತರ ಸಿದ್ಧವಿರಬೇಕು.

ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾ ಇದಕ್ಕೆ ಸಾಕ್ಷಿ. 2016ರ ಡಿಸೆಂಬರ್ 29ರ ರಾತ್ರಿ ಅಲ್ಲಿನ ರಾಜಮಹಲ್ ಗಣಿಯಲ್ಲಿ ಮಣ್ಣಿನ ರಾಶಿ ಜಾರಿ, ಕೆಳಗಿದ್ದ ಕಾರ್ಮಿಕರನ್ನೂ ಯಂತ್ರಗಳನ್ನೂ ಹೂತುಹಾಕಿತು. 23 ಮಂದಿ ಸತ್ತರು.

ಅದಕ್ಕೆ ಅರ್ಧ ಶತಮಾನದ ಹಿಂದೆ ಬ್ರಿಟನ್ನಿನ ವೇಲ್ಸ್‌ನ ಅಬರ್‌ವ್ಯಾನ್‌ನಲ್ಲಿ ನಡೆದದ್ದು ಇನ್ನೂ ಭೀಕರ. 1966ರ ಅಕ್ಟೋಬರ್ 21ರ ಬೆಳಿಗ್ಗೆ ಬೆಟ್ಟದ ಮೇಲಿನ ಏಳನೇ ರಾಶಿಗೆ ಕೆಲಸಕ್ಕೆ ಹೋದವರಿಗೆ ಅದರ ನೆತ್ತಿ ಸುಮಾರು 10 ಅಡಿ ಕುಸಿದಿರುವುದು ಕಂಡಿತು. ತಿಳಿಸಲು ಅಲ್ಲಿ ಫೋನ್ ಇರಲಿಲ್ಲ. ಒಬ್ಬ ಕೆಲಸಗಾರ ಕೆಳಗಿಳಿದು ಹೋಗಬೇಕಾಯಿತು. ಒಂಬತ್ತೂಕಾಲರ ಹೊತ್ತಿಗೆ ರಾಶಿ ಕೆಸರಿನ ಪ್ರವಾಹವಾಗಿ ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆರಗಿತು. ಸತ್ತ 144 ಮಂದಿಯಲ್ಲಿ 116 ಮಕ್ಕಳು. ಗಣಿ ನಡೆಸುತ್ತಿದ್ದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರು, ರಾಶಿಯ ಬುಡದಲ್ಲಿದ್ದ ಒರತೆ ಯಾರಿಗೂ ಗೊತ್ತಿರಲಿಲ್ಲ ಎಂದರು. ವಿಚಾರಣಾ ಮಂಡಳಿ ಆ ವಾದವನ್ನು ತಳ್ಳಿಹಾಕಿತು. ಒರತೆ ಭೂಪಟದಲ್ಲೇ ಇತ್ತು, ಊರಿನವರಿಗೂ ಗೊತ್ತಿತ್ತು. ಶಾಲೆಗೆ ಅಪಾಯವಿದೆ ಎಂದು ಸ್ಥಳೀಯ ಎಂಜಿನಿಯರ್ 1963ರಲ್ಲೇ ಪತ್ರ ಬರೆದಿದ್ದರು.

ಇಂಥ ರಾಶಿಗಳು ಕುಸಿಯುವುದು ಹೆಚ್ಚಾಗಿ ನೀರಿನಿಂದ. ಮಳೆನೀರು ಸಡಿಲ ಮಣ್ಣಿನೊಳಗೆ ಇಳಿದು ಕಣಗಳ ನಡುವೆ ಒತ್ತಡ ಹೆಚ್ಚಿಸುತ್ತದೆ. ಆಗ ಕಣಗಳ ನಡುವಿನ ಹಿಡಿತ ತಪ್ಪುತ್ತದೆ. ಬುಡದಲ್ಲಿ ಎರೆಮಣ್ಣೋ ಜೇಡಿಯೋ ಇದ್ದರೆ ಅದೂ ನೆನೆದು ಮೆತ್ತಗಾಗಿ, ಮೇಲಿನ ಭಾರ ಹೊರಲಾರದೆ ಪಕ್ಕಕ್ಕೆ ಸರಿಯುತ್ತದೆ. ನಮ್ಮ ಕಾನೂನು ಇದನ್ನು ಅರಿಯದೆ ಕೂತಿಲ್ಲ. ರಾಶಿಯ ಇಳಿಜಾರು 37.5 ಡಿಗ್ರಿ ಮೀರಬಾರದು, 30 ಮೀಟರ್‌ಗಿಂತ ಎತ್ತರವಾದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು ಎಂಬ ನಿಯಮಗಳಿವೆ.

ನಿಯಮ ಸಡಿಲವಾಗುವುದು ಡೀಸೆಲ್ ಲೆಕ್ಕದಲ್ಲಿ. ಡಂಪರ್ ಪ್ರತಿ ಟ್ರಿಪ್‌ನಲ್ಲೂ ಹೆಚ್ಚುವರಿಯಾಗಿ ಓಡುವ ಒಂದೊಂದು ಕಿಲೋಮೀಟರೂ ಕಂಪನಿಗೆ ಖರ್ಚು. ಹಾಗಾಗಿ ಮಣ್ಣನ್ನು ಗುಂಡಿಯ ಸಮೀಪವೇ ಸುರಿದು ಎತ್ತರಿಸುವ ಆಸೆ ಸಹಜವಾಗಿ ಹುಟ್ಟುತ್ತದೆ. ಭೂಮಿ ಸಿಗುವುದಿಲ್ಲ, ವಿದ್ಯುತ್ ಬೇಡಿಕೆ ಕಾಯುವುದಿಲ್ಲ ಎಂಬ ಕಂಪನಿಗಳ ಮಾತಿನಲ್ಲಿ ಸತ್ಯವಿದೆ. ಯೋಜನೆ ಬೇಕಿರುವುದು ಆ ಕಾರಣಕ್ಕೇ. ಆರಂಭದ ವರ್ಷಗಳಲ್ಲಿ ಮಣ್ಣು ಹೊರಗೆ ಬೀಳುವುದು ಅನಿವಾರ್ಯ. ಕಲ್ಲಿದ್ದಲು ತೆಗೆದ ಜಾಗ ತೆರವಾಗುತ್ತಿದ್ದಂತೆ ಗುಂಡಿಗೇ ಮರಳಿ ತುಂಬಬೇಕು. ಯಾವ ವರ್ಷದ ಮಣ್ಣು ಎಲ್ಲಿಗೆ ಎಂಬ ನಕ್ಷೆ ಮೊದಲೇ ಇಲ್ಲದಿದ್ದರೆ, ಒಮ್ಮೆ ಸುರಿದದ್ದನ್ನು ಮತ್ತೆ ಎತ್ತಬೇಕಾಗುತ್ತದೆ. ಆ ಎರಡನೇ ಖರ್ಚಿಗೆ ಯಾರೂ ಮುಂದೆ ಬರುವುದಿಲ್ಲ.

ಪುನಶ್ಚೇತನವೆಂದರೆ ಸಸಿ ನೆಟ್ಟು ಫಲಕ ಹಾಕುವುದು ಎಂಬ ರೂಢಿಯೂ ಹೋಗಬೇಕು. ಫಲವತ್ತಾದ ಮೇಲ್ಮಣ್ಣನ್ನು ಮೊದಲೇ ಪ್ರತ್ಯೇಕವಾಗಿ ತೆಗೆದು, ತಗ್ಗು ರಾಶಿಯಲ್ಲಿಟ್ಟು, ಬೇಗ ಹರಡಬೇಕು. ವರ್ಷಗಟ್ಟಲೆ ಎತ್ತರಕ್ಕೆ ಪೇರಿಸಿಟ್ಟರೆ ಅದರೊಳಗಿನ ಬೀಜ, ಸೂಕ್ಷ್ಮಜೀವಿಗಳು ಸಾಯುತ್ತವೆ. ಮೊದಲು ಹುಲ್ಲು ಬೇರುಬಿಟ್ಟು ಮಣ್ಣು ಹಿಡಿಯಬೇಕು. ನಂತರ ಪೊದೆ, ಸ್ಥಳೀಯ ಮರಗಳು. ರಾಶಿಯ ಸುತ್ತ ಕಾಲುವೆ, ಬುಡದಲ್ಲಿ ತಡೆಗೋಡೆ, ಹೂಳು ನಿಲ್ಲಲು ಹೊಂಡ ಇಲ್ಲದಿದ್ದರೆ ಕೆಳಗಿನ ಹಳ್ಳ ತುಂಬಿ ಹೊಲಗಳು ಹಾಳಾಗುತ್ತವೆ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು 2011ರಲ್ಲಿ ನಿಲ್ಲಿಸಿದ ಸುಪ್ರೀಂ ಕೋರ್ಟ್, ಪುನಶ್ಚೇತನ ಯೋಜನೆಯನ್ನು ಗಣಿ ಪುನರಾರಂಭಕ್ಕೇ ಷರತ್ತಾಗಿಸಿತು. ನ್ಯಾಯಾಲಯದ ಒತ್ತಡದಿಂದ ಅಲ್ಲಿ ಆದದ್ದು ಕಲ್ಲಿದ್ದಲಿನಲ್ಲಿ ಸಹಜ ಪದ್ಧತಿಯಾಗಬೇಕು. ನಮ್ಮದೇ ಕರ್ನಾಟಕ ವಿದ್ಯುತ್ ನಿಗಮಕ್ಕೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನಲ್ಲಿ ಗಣಿಯಿದೆ. ಬೆಳಕು ನಮ್ಮ ಮನೆಗೆ, ಮಣ್ಣಿನ ರಾಶಿ ಅಲ್ಲಿನ ಊರಿಗೆ ಎಂದಾಗ ಆ ರಾಶಿಯ ಹೊಣೆಯೂ ನಮ್ಮದೇ.

ಗಣಿ ಮುಚ್ಚುವ ವೆಚ್ಚಕ್ಕೆ ಎಸ್ಕ್ರೋ ಖಾತೆಯಲ್ಲಿ ಹಣವಿಡುವ ಕೇಂದ್ರದ ಮಾರ್ಗಸೂಚಿ 2009ರಿಂದ ಇದೆ. ಅದರ ಮಹತ್ವ ಅಬರ್‌ವ್ಯಾನ್ ನೋಡಿದರೆ ತಿಳಿಯುತ್ತದೆ: ಉಳಿದ ರಾಶಿಗಳನ್ನು ತೆರವು ಮಾಡಲು ಸಂತ್ರಸ್ತರ ಪರಿಹಾರ ನಿಧಿಯಿಂದಲೇ 1.5 ಲಕ್ಷ ಪೌಂಡ್ ಕಿತ್ತುಕೊಳ್ಳಲಾಯಿತು. ಸರ್ಕಾರ ಅದನ್ನು ಮರಳಿಸಿದ್ದು 1997ರಲ್ಲಿ. ಗಣಿ ಮುಚ್ಚಿದರೂ ಅಪಾಯ ಮುಗಿಯುವುದಿಲ್ಲ. 2020ರ ಫೆಬ್ರುವರಿಯ ಬಿರುಮಳೆಗೆ ವೇಲ್ಸ್‌ನ ಟೈಲರ್ಸ್‌ಟೌನ್‌ನಲ್ಲಿ ಹಳೆಯ ರಾಶಿಯೊಂದು ಜಾರಿತು.

ಆದ್ದರಿಂದ ಎರಡು ಕೆಲಸ ತಡವಿಲ್ಲದೆ ಆಗಬೇಕು. ರಾಶಿಯ ನಕ್ಷೆ ಮತ್ತು ಭದ್ರತಾ ಪರೀಕ್ಷೆಯ ವರದಿ ಪ್ರತಿ ಮಳೆಗಾಲಕ್ಕೂ ಮುನ್ನ ಸ್ಥಳೀಯ ಭಾಷೆಯಲ್ಲಿ ಗ್ರಾಮ ಪಂಚಾಯಿತಿಗೆ ತಲುಪಬೇಕು. ಹಿಂದಿನ ಹಂತದ ರಾಶಿಗೆ ಹಸಿರು ಹೊದಿಸದೆ ಮುಂದಿನ ಹಂತದ ಅಗೆತಕ್ಕೆ ಅನುಮತಿ ಸಿಗಬಾರದು. ಬರಾಂಜ್‌ನಲ್ಲಿ ಇದನ್ನು ಮೊದಲು ಜಾರಿಗೆ ತರಲು ಕರ್ನಾಟಕ ಸರ್ಕಾರ ಯಾರ ಆದೇಶಕ್ಕೂ ಕಾಯಬೇಕಿಲ್ಲ.