ಸೀಟಿನಲ್ಲಿ ಆಗದ್ದು ಶುಲ್ಕದಲ್ಲಾದರೂ ಆಗಲಿ

ವೈದ್ಯಕೀಯ ಸ್ನಾತಕೋತ್ತರ ಸೀಟುಗಳನ್ನು ಆಯಾ ರಾಜ್ಯದ ನಿವಾಸಿಗಳಿಗೆಂದು ಕಾದಿರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ತೀರ್ಪು ಕೊಟ್ಟಿತು. ಪ್ರಕರಣ ಹುಟ್ಟಿದ್ದು ಚಂಡೀಗಡದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಾದರೂ ಅದು ಮುಟ್ಟುವುದು ಎಲ್ಲ ರಾಜ್ಯಗಳನ್ನು. ಈ ದೇಶದ ಪ್ರಜೆಗೆ ಇರುವುದು ಒಂದೇ ಡೊಮಿಸೈಲ್, ಅದು ಭಾರತದ್ದು ಎಂಬ ಮಾತನ್ನು ನ್ಯಾಯಾಲಯ 1984ರ ಪ್ರದೀಪ್ ಜೈನ್ ಪ್ರಕರಣದಲ್ಲೇ ಆಡಿತ್ತು. 2014ರಲ್ಲಿ ಕರ್ನಾಟಕದ ಸ್ನಾತಕೋತ್ತರ ವೈದ್ಯಕೀಯ ಪ್ರವೇಶದಲ್ಲಿದ್ದ 'ಕರ್ನಾಟಕ ಮೂಲ'ದ ಷರತ್ತು ಬಿದ್ದುಹೋದದ್ದೂ ಇದೇ ತರ್ಕಕ್ಕೆ. ಹಾಗಾಗಿ ಹೊಸ ತೀರ್ಪಿನಿಂದ ಆಕಾಶವೇ ಕಳಚಿಬಿತ್ತು ಎನ್ನಬೇಕಿಲ್ಲ. ಆದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸರ್ಕಾರಿ ಶಾಲೆಯಲ್ಲಿ ಓದಿ, ಪದವಿ ಮುಗಿಸಿ, ಮುಂದೆ ಓದಬೇಕೆನ್ನುವ ಮಕ್ಕಳಿಗೆ ರಾಜ್ಯ ಏನು ಕೊಡಬಲ್ಲದು ಎಂಬ ಪ್ರಶ್ನೆಗೆ ಇನ್ನು ಬೇರೆ ಉತ್ತರ ಹುಡುಕಲೇಬೇಕು. ನನ್ನ ಉತ್ತರ ಇಷ್ಟು: ಸ್ನಾತಕೋತ್ತರ ಹಂತದಲ್ಲಿ ಸೀಟಿನ ಮೇಲಿನ ಹಟ ಬಿಟ್ಟು, ಶುಲ್ಕದಲ್ಲಿ ನಮ್ಮ ಮಕ್ಕಳ ಕೈ ಹಿಡಿಯಬೇಕು. ಯಾರು ನಮ್ಮ ಮಕ್ಕಳು ಎಂಬುದನ್ನು ಅವರು ಓದಿದ ಶಾಲೆಯ ದಾಖಲೆ ಹೇಳಬೇಕು.

ಶುಲ್ಕದ ದಾರಿ ಹೊಸದಲ್ಲ, ಕಾನೂನಿನ ಕಣ್ಣಿನಲ್ಲಿ ದುರ್ಬಲವೂ ಅಲ್ಲ. ಇಂದೋರಿನ ವೈದ್ಯಕೀಯ ಕಾಲೇಜು ಅಂದಿನ ಮಧ್ಯ ಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಷನ್ ಶುಲ್ಕ ಬಿಟ್ಟು, ಹೊರಗಿನವರಿಂದ ಅದನ್ನು ವಸೂಲು ಮಾಡುತ್ತಿತ್ತು. ದೆಹಲಿಯ ವಿದ್ಯಾರ್ಥಿ ಡಿ.ಪಿ. ಜೋಷಿ ಇದನ್ನು ಪ್ರಶ್ನಿಸಿದಾಗ, 1955ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಆ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಸಂವಿಧಾನದ 15ನೇ ವಿಧಿ ಹುಟ್ಟಿದ ಸ್ಥಳದ ಆಧಾರದ ಭೇದವನ್ನು ತಡೆಯುತ್ತದೆ. ವಾಸಸ್ಥಳ ಅದರಿಂದ ಬೇರೆ ಎಂಬುದು ಅಲ್ಲಿನ ವಾದದ ತಿರುಳು. ಯಾವ ರಾಜ್ಯದ ಜನ ತೆರಿಗೆ ಕಟ್ಟಿ ಕಾಲೇಜು ನಡೆಸುತ್ತಾರೋ ಅವರ ಮಕ್ಕಳ ಶುಲ್ಕ ಕಡಿಮೆ ಇರುವುದರಲ್ಲಿ ಅನ್ಯಾಯವಿಲ್ಲ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳೂ ಹೀಗೇ ಮಾಡುತ್ತವೆ. ಆ ರಾಜ್ಯದಲ್ಲಿ ಸಾಮಾನ್ಯವಾಗಿ ಒಂದು ವರ್ಷ ನೆಲೆಸಿ, ಓದಲೆಂದಷ್ಟೇ ಬಂದದ್ದಲ್ಲ ಎಂದು ತೋರಿಸಿದವರಿಗೆ ಕಡಿಮೆ ಶುಲ್ಕ, ಉಳಿದವರಿಗೆ ಹೆಚ್ಚು. ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿಗೆ ಹೋದ ನಮ್ಮ ಹುಡುಗರು ಬಹುತೇಕ ಕಡೆ ಎರಡನೆಯ ಸಾಲಿನಲ್ಲೇ ನಿಲ್ಲುತ್ತಾರೆ. ಅಲ್ಲಿಯೂ 1973ರಲ್ಲಿ ಅವರ ಸುಪ್ರೀಂ ಕೋರ್ಟ್ ಕನೆಕ್ಟಿಕಟ್ ರಾಜ್ಯಕ್ಕೆ ಒಂದು ಮಿತಿ ಹಾಕಿತು: ಅರ್ಜಿ ಹಾಕುವಾಗ ಹೊರಗಿನವನಾಗಿದ್ದವನನ್ನು ಕೋರ್ಸ್ ಮುಗಿಯುವವರೆಗೂ ಹೊರಗಿನವನೆಂದೇ ಎಣಿಸಬಾರದು, ತಾನು ನಿವಾಸಿ ಎಂದು ಸಾಬೀತು ಮಾಡಲು ಅವನಿಗೆ ಅವಕಾಶ ಇರಬೇಕು. ಶುಲ್ಕದಲ್ಲಿ ವ್ಯತ್ಯಾಸ ಇರಲಿ, ಆದರೆ ಸಾಬೀತು ಮಾಡುವ ಬಾಗಿಲು ಮುಚ್ಚದಿರಲಿ ಎಂಬ ಈ ವಿವೇಕ ನಮಗೂ ಬೇಕು.

ಹಾಗಾದರೆ ಸಾಬೀತು ಹೇಗೆ? ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ವಾಸಸ್ಥಳದ ದೃಢೀಕರಣ ಪತ್ರ ಸಿಗುತ್ತದೆ. ಆದರೆ ವಿಳಾಸದ ಕಾಗದವನ್ನು ಹೊಂದಿಸುವುದು ಅನುಕೂಲಸ್ಥರಿಗೆ ಸುಲಭ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ಕೂಲಿಯವರಿಗೆ ಕಷ್ಟ. ವೃತ್ತಿಪರ ಕೋರ್ಸ್‌ಗಳ ಸಿಇಟಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮುಖ್ಯವಾಗಿ ಕೇಳುವುದು ಬೇರೆಯದೇ ಪುರಾವೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕ ತೆರೆದು, ಯಾವ ತರಗತಿ ಯಾವ ಸಾಲು ಎಂದು ಒಂದೊಂದಾಗಿ ವ್ಯಾಸಂಗ ಪ್ರಮಾಣಪತ್ರದಲ್ಲಿ ತುಂಬಿ, ಸಹಿ ಮಾಡಿ ಮೊಹರು ಒತ್ತುತ್ತಾರೆ. ಅದರ ಮೇಲೆ ಬಿಇಒ ಮೇಲುರುಜು ಬೀಳುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಹತ್ತು ವರ್ಷಗಳಿಗೂ ಇದೇ ಕ್ರಮ. ಈ ಅಳತೆಯಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವ ಗುಣವೆಂದರೆ ಅದು ಜಾತಿ, ಮನೆಮಾತು, ಹುಟ್ಟೂರು ಯಾವುದನ್ನೂ ಕೇಳುವುದಿಲ್ಲ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಅನಂತಪುರದಿಂದ ಬಂದವರ ಮಗಳು ಏಳು ವರ್ಷ ಇಲ್ಲಿ ಓದಿದರೆ ಅವಳೂ ಕರ್ನಾಟಕದ ವಿದ್ಯಾರ್ಥಿನಿಯೇ. ಪದವಿ ಮುಗಿಸುವ ಹೊತ್ತಿಗೆ ಯಾರೂ ಹಣ ಕೊಟ್ಟು ಬಾಲ್ಯದ ಏಳು ವರ್ಷಗಳನ್ನು ಕೊಂಡು ತರಲಾರರು.

ಆದರೆ ಈ ಅಳತೆ ಗಡಿಯಲ್ಲಿ ಎಡವುತ್ತದೆ, ಪಾವಗಡದಲ್ಲಂತೂ ಕಣ್ಣಿಗೆ ಹೊಡೆಯುವಂತೆ. ಕೊರಟಗೆರೆಯನ್ನು ಬಿಟ್ಟರೆ ಉಳಿದ ಮೂರೂ ತಾಲ್ಲೂಕುಗಳು ಆಂಧ್ರದ ಗಡಿಗೆ ತಾಗಿವೆ. ಪಾವಗಡವೋ ಮೂರು ಕಡೆ ಆಂಧ್ರದಿಂದ ಸುತ್ತುವರಿದಿದೆ. ಅದನ್ನು ಮಧುಗಿರಿಯಿಂದ ಬೇರೆ ಮಾಡಿರುವುದೂ ಮಡಕಶಿರಾದ ನೆಲವೇ. ಅಲ್ಲಿನ ಹಲವು ಹಳ್ಳಿಗಳಿಗೆ ತಾಲ್ಲೂಕು ಕೇಂದ್ರಕ್ಕಿಂತ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ದಾರಿಯೇ ಹತ್ತಿರ. ಹೊಲ, ಪಡಿತರ ಚೀಟಿ, ಮತ ಎಲ್ಲವೂ ಕರ್ನಾಟಕದಲ್ಲಿದ್ದು, ಬಸ್ಸಿನ ಅನುಕೂಲಕ್ಕೋ ನೆಂಟರ ಮನೆಯ ಆಸರೆಗೋ ಮಗು ಆಚೆಯ ಶಾಲೆಯಲ್ಲಿ ಓದಿದ್ದರೆ ಏಳು ವರ್ಷದ ಲೆಕ್ಕ ತಪ್ಪುತ್ತದೆ. ಅತ್ತ ಮಡಕಶಿರಾ ಸೀಮೆಯ ರೊಳ್ಳ, ಅಗಳಿ, ಅಮರಾಪುರ ಕಡೆ ಕನ್ನಡ ಮಾಧ್ಯಮದಲ್ಲೇ ಓದುವ ಮಕ್ಕಳಿದ್ದಾರೆ. ಸಿಇಟಿಯ ಗಡಿನಾಡು ಕನ್ನಡಿಗರ ಪಟ್ಟಿಯಲ್ಲಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳು. ಮಡಕಶಿರಾದ ಮಗು ಹೊರನಾಡು ಕನ್ನಡಿಗರ ಸಾಲಿಗೆ ಹೋಗಬೇಕು. ಗಡಿ ವಿವಾದವಿದ್ದಲ್ಲಿನ ಕನ್ನಡಿಗರಿಗೆ ಒಂದು ಬಾಗಿಲು, ವಿವಾದವಿಲ್ಲದೆ ತಣ್ಣಗಿದ್ದವರಿಗೆ ಇನ್ನೊಂದು ಎಂಬ ಈ ವ್ಯತ್ಯಾಸಕ್ಕೆ ಶಿಕ್ಷಣದ ದೃಷ್ಟಿಯಿಂದ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಓದಿದ ವರ್ಷಗಳನ್ನಷ್ಟೇ ಕಟ್ಟುನಿಟ್ಟಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ತೆಲಂಗಾಣದ ಉದಾಹರಣೆ ಇದೆ. ವೈದ್ಯಕೀಯ ಪದವಿಗೆ ಸ್ಥಳೀಯ ಎನಿಸಿಕೊಳ್ಳಲು ಪರೀಕ್ಷೆಗೆ ಮುಂಚಿನ ನಾಲ್ಕು ವರ್ಷ ಅಲ್ಲೇ ಓದಿರಬೇಕೆಂದು ಆ ಸರ್ಕಾರ 2024ರಲ್ಲಿ ನಿಯಮ ಮಾಡಿತು. ಇಂಟರ್ ಓದಲು ನೆರೆಯ ರಾಜ್ಯಕ್ಕೆ ಹೋಗಿಬಂದ ಸ್ವಂತ ಊರಿನ ಮಕ್ಕಳೂ ಹೊರಗುಳಿದರು. ಹೈಕೋರ್ಟ್ ಅವರ ಪರ ನಿಂತರೂ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನೇ ಉಳಿಸಿತು. ಕಾನೂನಿನಲ್ಲಿ ಗೆದ್ದ ನಿಯಮ ಎಲ್ಲ ಮಕ್ಕಳಿಗೂ ನ್ಯಾಯ ಕೊಟ್ಟಂತಲ್ಲ. ಶುಲ್ಕದ ರಿಯಾಯಿತಿಗೆ ಏಳು ವರ್ಷದ ಓದು ಮುಖ್ಯ ಬಾಗಿಲಾಗಿರಲಿ; ಗಡಿ ತಾಲ್ಲೂಕುಗಳ ಮಟ್ಟಿಗೆ ತಂದೆ-ತಾಯಿಯ ದೀರ್ಘಕಾಲದ ವಾಸದ ದಾಖಲೆಯನ್ನೂ ಒಪ್ಪುವ ಪಕ್ಕದ ಬಾಗಿಲು ತೆರೆದಿರಲಿ.

ಒಂದೇ ದೇಶದಲ್ಲಿ ಒಂದೇ ತರಗತಿಯ ಇಬ್ಬರಿಗೆ ಎರಡು ಶುಲ್ಕ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಆದರೆ ಸೀಟು ಹಂಚುವಾಗ ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಶುಲ್ಕದಲ್ಲಿ ಹಾಗಲ್ಲ, ಅರ್ಹತೆಯಿಂದ ಬಂದ ಬಿಹಾರದ ವಿದ್ಯಾರ್ಥಿಯ ಜಾಗವನ್ನು ಯಾರೂ ಕಸಿಯುವುದಿಲ್ಲ. ಅವನು ಬಡವನಾದರೆ ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನ ಅವನಿಗೂ ಸಿಗಬೇಕು ಎಂಬುದನ್ನು ಒಪ್ಪುತ್ತೇನೆ. ಇನ್ನೊಂದು ಆಕ್ಷೇಪ ಹೆಚ್ಚು ತೀಕ್ಷ್ಣವಾದದ್ದು: ಸೀಟೇ ಇಲ್ಲದ ಮೇಲೆ ಶುಲ್ಕದ ರಿಯಾಯಿತಿ ಯಾರಿಗೆ ಬೇಕು, ಊರವರಿಗೆ ಸೀಟು ಕೊಡದಿದ್ದರೆ ಪಾವಗಡದ ಆಸ್ಪತ್ರೆಗೆ ತಜ್ಞ ವೈದ್ಯರು ಬರುವರೇ? ವೈದ್ಯರ ಕೊರತೆಗೆ ಜನ್ಮಸ್ಥಳಕ್ಕಿಂತ ಗಟ್ಟಿಯಾದ ಸಾಧನಗಳು ರಾಜ್ಯದ ಕೈಯಲ್ಲೇ ಇವೆ. ವೈದ್ಯಕೀಯ ಓದಿದವರಿಗೆ ಸೇವೆಯನ್ನು ಕಡ್ಡಾಯ ಮಾಡಿದ 2012ರ ಕರ್ನಾಟಕದ ಕಾಯ್ದೆ ಇದೆ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆ ಎಂದು 2020ರಲ್ಲಿ ಸಾಂವಿಧಾನಿಕ ಪೀಠವೇ ಹೇಳಿದೆ. ಶಿರಾದ ಆಸ್ಪತ್ರೆಯಲ್ಲಿ ದುಡಿದ ವೈದ್ಯೆಗೆ ಆ ದುಡಿಮೆಯ ಕಾರಣಕ್ಕೆ ಸೀಟು ಸಿಗುವುದು, ಅವಳು ಎಲ್ಲಿಯವಳೆಂಬ ಕಾರಣಕ್ಕೆ ಸಿಗುವುದಕ್ಕಿಂತ ಮೇಲು. ಇನ್ನು ಎಂ.ಟೆಕ್., ಎಂಬಿಎ, ಎಂ.ಎಸ್ಸಿ.ಯಂಥ ಕೋರ್ಸ್‌ಗಳಲ್ಲಿ ಸೀಟಿಗಿಂತ ಹಣವೇ ಬಡವರ ಮನೆಯ ಮಕ್ಕಳನ್ನು ತಡೆಯುವುದು. ಮೂವತ್ತು-ನಲವತ್ತು ಸಾವಿರ ರೂಪಾಯಿ ಹೊಂದಿಸಲಾಗದೆ ಪದವಿಗೇ ಓದು ನಿಲ್ಲಿಸುವ ಹೆಣ್ಣುಮಕ್ಕಳಿಗೆ ತುಮಕೂರು ವಿಶ್ವವಿದ್ಯಾಲಯದಲ್ಲಿ ಸೀಟು ಖಾಲಿ ಇದ್ದರೂ ಪ್ರಯೋಜನವಿಲ್ಲ.

ಆಡಳಿತದ ಮಟ್ಟದಲ್ಲಿ ಇದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಸಿದ್ಧವಿದೆ. ಶಾಲಾ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಕೊಟ್ಟು ವರ್ಷ ವರ್ಷದ ದಾಖಲೆ ಇಡಲಾಗುತ್ತಿದೆ. ಹನ್ನೆರಡನೆಯ ತರಗತಿಯ ನಂತರ ಸರ್ಕಾರ ಒಮ್ಮೆ ಒಪ್ಪಿದ ಆ ಏಳು ವರ್ಷಗಳನ್ನು ಸ್ನಾತಕೋತ್ತರ ಪ್ರವೇಶದಲ್ಲೂ ಹಾಗೆಯೇ ಒಪ್ಪಬೇಕು. ಇಪ್ಪತ್ತೆರಡರ ಯುವತಿ ಮತ್ತೆ ಒಂದನೇ ತರಗತಿಯ ಶಾಲೆ ಹುಡುಕಿಕೊಂಡು ಹೋಗಿ, ವರ್ಗವಾಗಿ ಬಂದ ಹೊಸ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುವಂತಾಗಬಾರದು. ಸ್ಯಾಟ್ಸ್‌ಗೆ ಮುಂಚೆ ಓದಿದವರ ಹಳೆಯ ದಾಖಲಾತಿ ಪುಸ್ತಕಗಳನ್ನು ಮಧುಗಿರಿಯ ಉಪನಿರ್ದೇಶಕರ ಕಚೇರಿ ನಾಲ್ಕೂ ಬಿಇಒಗಳ ಮೂಲಕ ಗಣಕಕ್ಕೆ ಸೇರಿಸಲಿ. ಪಾವಗಡದ ಗಡಿ ಹಳ್ಳಿಗಳಿಂದ ಆಚೆಗೆ ಓದಲು ಹೋಗುವ ಮಕ್ಕಳ ಪಟ್ಟಿಯನ್ನು ಅದೇ ಕಚೇರಿ ಈ ಶೈಕ್ಷಣಿಕ ವರ್ಷದಿಂದಲೇ ಬರೆದಿಡಲು ಶುರು ಮಾಡಲಿ.